ಮೀನಿನ ಬೈಕಿನ ಮುಂದಿನ ಸೀಟು

ಪುಟ್ಟಿ, ಚಿಂಟು,

ಶಾಲೆಯಲ್ಲಿ ನಿಮಗೆ ಬೇರೆ ಹೆಸರುಗಳಿವೆ. ಅವನ್ನು ಬರೆಯಲು ಹೋದರೆ ಯಾರದೋ ಮನೆಯ ಮಕ್ಕಳಿಗೆ ಬರೆದ ಹಾಗಾಗಿ ಪೆನ್ನು ಮುಂದೆ ಹೋಗುವುದಿಲ್ಲ. ಆದ್ದರಿಂದ ನಾನು ಕರೆಯುವ ಹೆಸರಿನಲ್ಲೇ ಶುರು ಮಾಡಿದ್ದೇನೆ.

ಕಳೆದ ಸಲ ಮಣಿಪಾಲದಿಂದ ಬಂದಾಗ ನೀವಿಬ್ಬರೂ ಮೂಗು ಹಿಡಿದುಕೊಂಡು ಬೈಕಿಗೆ ಒಂದು ಸುತ್ತು ಬಂದಿರಿ. “ಅಜ್ಜಿ, ಅಮ್ಮ ಹೊಸ ಸ್ಕೂಟರ್ ತೆಗೆದುಕೊಡ್ತೇನೆ ಅಂದ್ರೂ ನಿಮಗೆ ಈ ಮೀನಿನ ವಾಸನೆ ಗಾಡಿಯೇ ಯಾಕೆ ಬೇಕಿತ್ತು?” ಎಂದು ಪುಟ್ಟಿ, ನೀನು ಕೇಳಿದೆ. ನಾನು ನಗಾಡಿ ಒಳಗೆ ಹೋಗಿ ಗೋಳಿಬಜೆ ಕರಿಯಲು ಎಣ್ಣೆ ಇಟ್ಟೆ.

ಎದುರು ನಿಂತು ಇಂಥದ್ದನ್ನೆಲ್ಲ ಹೇಳಲು ನನಗೆ ಮೊದಲಿನಿಂದಲೂ ಬಾರದು. ಬಾಯಿ ತೆರೆದರೆ ಕಣ್ಣು ನೆಲ ನೋಡುತ್ತದೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ. ಮನೆಯಲ್ಲಿ ನಮ್ಮ ಮಾತು ತುಳುವಾದರೂ, ಕಾರ್ಕಳದ ಹತ್ತಿರದ ನನ್ನ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಇನ್ನೂ ಕೈಯಲ್ಲಿದೆ. ಅದರಲ್ಲೇ ಬರೆಯುತ್ತಿದ್ದೇನೆ. ಜನ ಆಡಿದ ಮಾತುಗಳನ್ನೂ ಕನ್ನಡಕ್ಕೆ ತಂದಿದ್ದೇನೆ. ನಿಮ್ಮ ದೊಡ್ಡಜ್ಜಿಯ ತುಳುವಿನ ಖಾರ ಇಲ್ಲಿ ಸ್ವಲ್ಪ ಕಡಿಮೆ ಅನಿಸಿದರೆ ಅದಕ್ಕೆ ನಾನೇ ಕಾರಣ, ಅವರಲ್ಲ.

ಅಜ್ಜ ಮೀನಿನ ವ್ಯಾಪಾರ ಮಾಡುತ್ತಿದ್ದರೆಂದು ನಿಮಗೆ ಗೊತ್ತು. ಹೇಗೆ ಮಾಡುತ್ತಿದ್ದರೆಂದು ಗೊತ್ತಿರಲಿಕ್ಕಿಲ್ಲ. ಬೆಳಕು ಹರಿಯುವ ಮೊದಲೇ ಕಾಪುವಿನ ಈ ಮನೆಯಿಂದ ಹೊರಟು, ಮಟ್ಟುವಿನ ದಾರಿಯಾಗಿ ಮಲ್ಪೆ ಬಂದರಿಗೆ ಹೋಗಿ, ಬೈಕಿನ ಹಿಂದಿನ ಪೆಟ್ಟಿಗೆಗೆ ಐಸ್ ಹಾಕಿ ಬಂಗುಡೆ, ಬೂತಾಯಿ ತುಂಬಿಸುತ್ತಿದ್ದರು. ಅಲ್ಲಿಂದ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದ ಕಡೆಯ ಹಳ್ಳಿಗಳಿಗೆ. ಹ್ಯಾಂಡಲಿಗೆ ಕಪ್ಪು ರಬ್ಬರ್ ಉಂಡೆಯ ಹಾರ್ನ್ ಕಟ್ಟಿದ್ದರು. ಗೇಟಿನ ಹತ್ತಿರ ಪೋಂ ಪೋಂ ಎಂದು ಒತ್ತಿದರೆ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರಂತೆ. ಅವರಿಗಿಂತ ಮೊದಲು ಬೆಕ್ಕುಗಳು.

ಬರುತ್ತಿದ್ದರಂತೆ ಎಂದು ಯಾಕೆ ಬರೆದೆನೆಂದರೆ, ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಮೀನಿರುವ ದಿನ ಹಿಂದಿನ ಜಾಗ ಪೆಟ್ಟಿಗೆಗೆ. ಮಳೆಗಾಲ ಶುರುವಾಗಿ ಬೋಟುಗಳು ಕಡಲಿಗೆ ಇಳಿಯಬಾರದೆಂದು ಸರಕಾರ ನಿಲ್ಲಿಸಿದ ಮೇಲೆ ಆ ಪೆಟ್ಟಿಗೆ ಬಿಚ್ಚಿ ಮೂಲೆ ಸೇರುತ್ತಿತ್ತು. ಆಗ ಆ ಜಾಗ ನನ್ನದು. “ಪೆಟ್ಟಿಗೆ ಇಳಿಯಿತು, ಇನ್ನು ಹೆಂಡತಿ ಹತ್ತಬಹುದು” ಎಂದು ದೊಡ್ಡಜ್ಜಿ ಪ್ರತಿ ವರ್ಷ ಅದೇ ಮಾತು ಹೇಳುತ್ತಿದ್ದರು. ದೊಡ್ಡಜ್ಜಿ ಎಂದರೆ ಅಜ್ಜನ ಅಕ್ಕ, ನನಗೆ ಅತ್ತಿಗೆ. ಕಾಪು ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರಿ ಬೆಳೆಸಿಕೊಂಡ ನಾಲಿಗೆ ಅವರದು.

ಹಾಗೆ ಮಳೆಯಲ್ಲಿ ನಾನು ತವರಿಗೆ ಹೋಗಿ ಬರುತ್ತಿದ್ದೆ. ಸೀರೆ ಉಟ್ಟು ಎರಡೂ ಕಾಲು ಎಡಗಡೆಗೆ ಹಾಕಿ ಕೂರುವುದು. ಬಲಗೈಯಲ್ಲಿ ಸೀಟಿನ ಹಿಡಿ. ಎಡಗೈಗೆ ಒಂದು ಕೆಲಸವಿತ್ತು. ಮೀನಿನ ನೀರು ಸೋರಿ ಸೋರಿ ಬೈಕಿನ ವಯರುಗಳು ತುಕ್ಕು ಹಿಡಿದು ಎಡಗಡೆಯ ಇಂಡಿಕೇಟರ್ ಸತ್ತಿತ್ತು. ಎಡಕ್ಕೆ ತಿರುಗಬೇಕಾದಾಗ ಅಜ್ಜ “ಕೈ” ಎನ್ನುತ್ತಿದ್ದರು. ಅಷ್ಟೇ, ಒಂದೇ ಮಾತು. ನಾನು ಎಡಗೈ ನೀಡುತ್ತಿದ್ದೆ. ತಿರುಗಿದ ಮೇಲೆ ಮಡಚಿಕೊಳ್ಳುತ್ತಿದ್ದೆ. ಬೆಳ್ಮಣ್‌ನಲ್ಲಿ ಎಡಕ್ಕೆ, ನನ್ನ ತವರಿನ ಓಣಿಗೆ ಎಡಕ್ಕೆ. ಅಷ್ಟು ವರ್ಷಗಳಲ್ಲಿ ಆ ಕೈಗೆ ಆ ಮಾತು ಎಷ್ಟು ಅಭ್ಯಾಸವಾಗಿತ್ತೆಂದರೆ, ಅವರು ಊಟಕ್ಕೆ ಕೂತು “ಕೈ ತೊಳೀಲಿಕ್ಕೆ ನೀರು” ಎಂದರೂ ಕೆಲವೊಮ್ಮೆ ಎಡಗೈ ಸ್ವಲ್ಪ ಅಲುಗುತ್ತಿತ್ತು.

ಬದಿಗೆ ಮುಖ ಮಾಡಿ ಕೂತವಳಿಗೆ ಕಾಣುವುದು ಬೇಲಿ, ನೀರಿನ ತೋಡು, ಬಸ್‌ಸ್ಟ್ಯಾಂಡಿನ ಬೆಂಚು, ಒಬ್ಬೊಬ್ಬರ ಅಂಗಳ. ಮುಂದೆ ನೋಡಲು ಕುತ್ತಿಗೆ ತಿರುಗಿಸಿದರೆ ಅವರ ರೈನ್‌ಕೋಟಿನ ಬೆನ್ನು.

“ನೀನು ದಾರಿ ನೋಡಿದವಳೇ ಅಲ್ಲ, ಬೇಲಿ ನೋಡಿದವಳು” ಎಂದು ಅಜ್ಜ ತಮಾಷೆ ಮಾಡುತ್ತಿದ್ದರು.

“ಹಾಗಾದ್ರೆ ದಾರಿ ತೋರಿಸಿ.”

“ತೋರಿಸುವ. ಬಿಸಿಲಿರುವಾಗ ಒಂದು ದಿನ ಪೆಟ್ಟಿಗೆ ಬಿಚ್ಚುವ. ಬೆಳ್ಮಣ್ ದಾಟಿದ ಮೇಲೆ ಒಂದು ತಿರುವು ಉಂಟು, ಅಲ್ಲಿ ನಿನ್ನ ಊರಿನ ಘಟ್ಟ ಎದುರಿಗೇ ಬಂದು ನಿಲ್ತದೆ. ನೀಲಿ. ಮಳೆಯಲ್ಲಿ ಅದು ಕಾಣುವುದಿಲ್ಲ. ನಾನು ದಿನಾ ಅಲ್ಲಿ ಎರಡು ಸಲ ಹಾರ್ನ್ ಹೊಡೀತೇನೆ.”

“ಯಾರ ಮನೆಗೆ?”

“ಯಾರ ಮನೆಗೂ ಅಲ್ಲ.”

ನಾನು ನಂಬಲಿಲ್ಲ. ಸುಮ್ಮನೆ ನನ್ನನ್ನು ಖುಷಿ ಮಾಡಲು ಹೇಳುತ್ತಾರೆ ಎಂದುಕೊಂಡೆ. ಬಿಸಿಲಿರುವ ದಿನವೆಂದರೆ ಮೀನಿರುವ ದಿನ. ಪೆಟ್ಟಿಗೆ ಬಿಚ್ಚಿದರೆ ವ್ಯಾಪಾರ ಹೋಯಿತು. ಹಾಗೆ ಆ ಒಂದು ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ನೀವಿನ್ನೂ ಚಿಕ್ಕವರಿದ್ದಾಗ ಅವರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಬೈಕು ಮನೆಯ ಪಕ್ಕದ ಶೀಟಿನ ಚಪ್ಪರದಡಿ ಎರಡು ಮಳೆಗಾಲ ಕಳೆಯಿತು. ನಮ್ಮ ಮನೆಯಿಂದ ಕಡಲು ಕಾಣುವುದಿಲ್ಲ, ಆದರೆ ಉಪ್ಪುಗಾಳಿ ಬರುತ್ತದೆ. ಅದು ಕಬ್ಬಿಣವನ್ನು ಬಿಡುವುದಿಲ್ಲ. ನಾನು ದಿನವೂ ಒರೆಸಿ, ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ತೀಡುತ್ತಿದ್ದೆ. ಪೆಟ್ಟಿಗೆ ಬಿಚ್ಚಿದ್ದರೂ ವಾಸನೆ ಹೋಗಿರಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು ಅನಿಸುತ್ತಿತ್ತು.

ನಿಮ್ಮ ಅಮ್ಮನಿಗೆ ನನ್ನ ಮೇಲೆ ಅಕ್ಕರೆಯೇ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುವವಳಿಗೆ ಯಾವುದನ್ನೂ ಹಾಗೇ ಬಿಟ್ಟು ಗೊತ್ತಿಲ್ಲ, ಏನಾದರೂ ತೀರ್ಮಾನ ಮಾಡಲೇಬೇಕು. ಒಂದು ಭಾನುವಾರ ಬಂದು ಬೈಕಿನ ಟ್ಯಾಂಕಿನ ಅಡಿಗೆ ಬೆರಳು ಹಾಕಿ ತುಕ್ಕಿನ ಪುಡಿ ತೋರಿಸಿದಳು.

“ಅಮ್ಮ, ಇನ್ನೊಂದು ಮಳೆಗಾಲ ಇದು ತಡೆಯುವುದಿಲ್ಲ. ಓಡಿಸುವವರು ಯಾರೂ ಇಲ್ಲ. ಪೇಟೆಯ ಗ್ಯಾರೇಜಿನವರು ತಗೊಳ್ತೇನೆ ಅಂತ ಹೇಳಿದ್ದಾರೆ. ಕೊಟ್ಟುಬಿಡುವ.”

ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತದೆ, “ನಾನು ಓಡಿಸ್ತೇನೆ” ಎಂದೆ.

ಅತ್ತಿಗೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಉಗುಳಿ ಬಂದು, “ಈಗ ಮಾತಾಡಿದ್ದು ನೀನಾ, ಆ ಬೈಕಾ?” ಎಂದು ಕೇಳಿದರು.

“ಅಮ್ಮ, ನಿಮಗೆ ಸೈಕಲ್ಲೇ ಬರುವುದಿಲ್ಲ!”

“ಸೈಕಲ್ ಬರ್ತದೆ. ತವರಿನಲ್ಲಿ ಕಲಿತದ್ದು.”

“ಗೇರಿಲ್ಲದ ಸ್ಕೂಟರ್ ತೆಗೆದುಕೊಡ್ತೇನೆ. ಅದರಲ್ಲಿ ಕಲೀರಿ. ಇದಲ್ಲ.”

“ಇದೇ ಆಗಬೇಕು” ಎಂದೆ. ಘಟ್ಟ, ತಿರುವು, ಬಿಸಿಲು ಎಂದು ಮಗಳ ಹತ್ತಿರ ಹೇಗೆ ಹೇಳುವುದು? ಗಂಡ ಹೆಂಡತಿಯ ನಡುವೆ ಹುಡುಗಾಟದಲ್ಲಿ ಬಂದುಹೋದ ಮಾತು ಅದು. ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಆದರೂ ಹುಡುಕಿದೆ.

ನಿಮ್ಮ ಅಮ್ಮ ಹುಷಾರಿ. ಬೇಡ ಎಂದರೆ ನಾನು ಒಳಗೊಳಗೇ ಅದನ್ನು ಹಿಡಿದುಕೊಂಡಿರುತ್ತೇನೆಂದು ಅವಳಿಗೆ ಗೊತ್ತು. “ಆಯ್ತು. ಒಂದೆರಡು ತಿಂಗಳೊಳಗೆ ಲೈಸೆನ್ಸ್ ಆದ್ರೆ ಬೈಕ್ ಇರಲಿ. ಆಗದಿದ್ರೆ ಗ್ಯಾರೇಜಿಗೆ” ಎಂದಳು.

“ತಿಂಗಳ ಲೆಕ್ಕ ಎಂತ? ಪತ್ತನಾಜೆಯವರೆಗೆ ಟೈಮ್ ಕೊಡು” ಎಂದು ಅತ್ತಿಗೆ ಚೌಕಾಸಿ ಮಾಡಿದರು. ಪತ್ತನಾಜೆ ಎಂದರೆ ಮಕ್ಕಳೇ, ಮೇ ತಿಂಗಳ ಕೊನೆಯ ವಾರದಲ್ಲಿ ಭೂತದ ಕೋಲ, ಯಕ್ಷಗಾನ ಎಲ್ಲ ಮುಗಿದು ಗೆಜ್ಜೆ ಬಿಚ್ಚಿಡುವ ದಿನ. ಅದು ದಾಟಿದರೆ ನಮ್ಮಲ್ಲಿ ಮಳೆಗಾಲವೇ. ಮಗಳು ಒಪ್ಪಿದಳು. ನನಗೂ ಅದೇ ಸರಿಹೋಯಿತು. ಮಳೆ ಹಿಡಿದ ಮೇಲೆ ಆ ತಿರುವಿಗೆ ಹೋಗಿ ನನಗೆ ಆಗಬೇಕಾದದ್ದೇನೂ ಇರಲಿಲ್ಲ. ಮಳೆಯಲ್ಲಿ ಆ ದಾರಿಯನ್ನು ನಾನು ಬೇಕಾದಷ್ಟು ನೋಡಿದ್ದೆ.

ಕಾಪು ಪೇಟೆಯ ಡ್ರೈವಿಂಗ್ ಶಾಲೆಯ ಮಾಸ್ಟ್ರು ನನ್ನನ್ನು ನೋಡಿ, ಯಾರನ್ನೋ ಸೇರಿಸಲು ಬಂದವಳೆಂದು ತಿಳಿದರು. “ಮಗಳಿಗಾ ಅಕ್ಕ?” ನಾನು ಇಲ್ಲವೆಂದು ತಲೆಯಾಡಿಸಿದೆ. “ಮತ್ತೆ ಮೊಮ್ಮಗಳಿಗಾ?” ಕೊನೆಗೆ ಜೊತೆಯಲ್ಲಿದ್ದ ಅತ್ತಿಗೆಯೇ, “ಇವಳಿಗೇ ಮಾರಾಯ್ರೆ. ನನಗಾ ಅಂತ ಕೇಳಿದ್ರೆ ಅದಕ್ಕೂ ಹೌದು ಅಂತೇನೆ” ಎಂದರು. ಮಾಸ್ಟ್ರು ಸ್ಕೂಟರಿನ ಲೈಸೆನ್ಸೇ ಸಾಕೆಂದು ತುಂಬ ಹೇಳಿದರು. ಯಾವ ಗಾಡಿ ಎಂದು ಗೊತ್ತಾದ ಮೇಲೆ, “ಓ, ಆ ಪೋಂ ಪೋಂ ಗಾಡಿಯಾ?” ಎಂದು ಸುಮ್ಮನಾದರು. ಅವರ ಮನೆಗೂ ಅಜ್ಜ ಮೀನು ಕೊಟ್ಟದ್ದುಂಟಂತೆ.

ಮೊದಲು ಕಲಿಯುವವರ ಲೈಸೆನ್ಸ್ ಆಗಬೇಕು. ಅದಕ್ಕೆ ಮಣಿಪಾಲದ ಆರ್‌ಟಿಒ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಪರೀಕ್ಷೆ. ನಾನು ಶಾಲೆ ಬಿಟ್ಟ ಮೇಲೆ ಬರೆದ ಮೊದಲ ಪರೀಕ್ಷೆ ಅದು. ಮಾಸ್ಟ್ರು ಕೊಟ್ಟ ಪುಸ್ತಕದ ಚಿಹ್ನೆಗಳನ್ನು ಒಲೆಯ ಎದುರಿನ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದೆ. ಅದರಲ್ಲಿ ಕೈಸನ್ನೆಗಳ ಚಿತ್ರವೂ ಇತ್ತು. ನಿಲ್ಲಿಸಲು, ಬಲಕ್ಕೆ ತಿರುಗಲು, ಎಡಕ್ಕೆ ತಿರುಗಲು, ಎಲ್ಲವನ್ನೂ ಬಲಗೈಯಲ್ಲೇ ತೋರಿಸಬೇಕಂತೆ.

“ಎಡಕ್ಕೂ ಬಲಗೈಯಾ?” ಎಂದು ಮಾಸ್ಟ್ರನ್ನು ಕೇಳಿದೆ.

“ಹೌದು. ಎಡಗೈ ಕ್ಲಚ್ಚಿಗೆ. ಅದನ್ನು ಬಿಟ್ರೆ ಕತೆ ಮುಗೀತು.”

ಪರೀಕ್ಷೆಯಲ್ಲಿ ಪಾಸಾದೆ. ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಕೂತಿದ್ದ ಕಾಲೇಜಿನ ಹುಡುಗಿ ಪಾಸಾಗಲಿಲ್ಲ. ಅವಳು ಹೊರಗೆ ಬಂದು, “ಆಂಟಿ, ನಿಮಗೆ ಯಾರು ಹೇಳಿಕೊಟ್ರು?” ಎಂದಳು. “ಒಲೆ” ಎಂದು ಹೇಳಬೇಕೆಂದಿದ್ದೆ, ಸುಮ್ಮನೆ ನಕ್ಕೆ.

ಬಟ್ಟೆಯದು ದೊಡ್ಡ ಸಂಕಟವಾಯಿತು. ಗೇರ್ ಗಾಡಿಯಲ್ಲಿ ಎರಡೂ ಕಡೆಗೆ ಕಾಲು ಹಾಕಿ ಕೂರಬೇಕು, ಸೀರೆಯಲ್ಲಿ ಆಗದು. ನಿಮ್ಮ ಅಮ್ಮ ತನ್ನ ಹಳೆಯ ಚೂಡಿದಾರ ಕಳಿಸಿದಳು. ಅದನ್ನು ಹಾಕಿಕೊಂಡು ಬಾಗಿಲಿನ ಹಿಂದೆ ನಿಂತವಳು ಹೊರಗೆ ಬರಲಾರದೆ ಹೋದೆ. ಅತ್ತಿಗೆ ಕೈ ಹಿಡಿದು ಎಳೆದರು. “ಬಾ ಮಾರಾಯ್ತಿ. ನಿನ್ನನ್ನು ಯಾರು ನೋಡ್ತಾರೆ? ನೋಡಿದ್ರೂ ಗುರುತು ಸಿಕ್ಕುವುದಿಲ್ಲ.” ಅದೇ ಧೈರ್ಯವಾಯಿತು.

ರಸ್ತೆಯಲ್ಲಿ ಕಲಿಯಲು ನಾಚಿಕೆಯಾಗಿ ಕಡಲಕರೆಗೆ ಹೋದೆವು. ನೀರು ಇಳಿದ ಹೊತ್ತಿನಲ್ಲಿ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ. ಬಿದ್ದರೂ ಪೆಟ್ಟಾಗದು. ಮಾಸ್ಟ್ರು ಪಕ್ಕದಲ್ಲಿ ಓಡುತ್ತಿದ್ದರು. ನಾನು ಕ್ಲಚ್ ಬಿಟ್ಟ ಕೂಡಲೇ ಬೈಕು ಕರುವಿನ ಹಾಗೆ ನೆಗೆದು ನಿಂತುಬಿಡುತ್ತಿತ್ತು. “ಮೆಲ್ಲ ಅಕ್ಕ, ಮೆಲ್ಲ! ಕ್ಲಚ್ ಬಿಡುವುದು, ಬಾವಿಗೆ ಕೊಡಪಾನ ಬಿಡುವುದಲ್ಲ!” ದೋಣಿಯ ನೆರಳಿನಲ್ಲಿ ಬಲೆ ಹೆಣೆಯುತ್ತಿದ್ದವರು ಮೊದಲ ದಿನ ನಕ್ಕರು. ಒಂದು ವಾರ ಕಳೆದ ಮೇಲೆ, “ಇವತ್ತು ಮೂರನೇ ಗೇರ್ ಬಿತ್ತು” ಎಂದು ಅವರವರೇ ಹೇಳಿಕೊಳ್ಳುತ್ತಿದ್ದರು. ಉಪ್ಪು ನಿಲ್ಲಬಾರದೆಂದು ಮನೆಗೆ ಬಂದು ಬಾವಿಯ ನೀರಲ್ಲಿ ಬೈಕು ತೊಳೆಯುವುದು ಅತ್ತಿಗೆಯ ಕೆಲಸ. ತೊಳೆಯುತ್ತಾ ಅದರೊಂದಿಗೆ ಮಾತಾಡುತ್ತಿದ್ದರು. ಏನೆಂದು ನಾನು ಕೇಳಲಿಲ್ಲ. ಅವರಿಗೆ ಇದ್ದದ್ದು ಒಬ್ಬನೇ ತಮ್ಮ.

ಗಾಡಿ ಓಡಿಸುವ ಪರೀಕ್ಷೆಗೆ ಮುಂಚೆ ಮಾಸ್ಟ್ರು ವಯರುಗಳನ್ನು ಬದಲಾಯಿಸಿ ಎಡಗಡೆಯ ಇಂಡಿಕೇಟರ್ ಸರಿ ಮಾಡಿಸಿದರು. ಅದು ಮಿಣುಕುವುದನ್ನು ನಾನು ಮೊದಲ ಬಾರಿಗೆ ನೋಡಿದ್ದು ಆಗಲೇ.

ಪರೀಕ್ಷೆಯ ದಿನ ಬೈಕನ್ನು ಮಾಸ್ಟ್ರೇ ಮಣಿಪಾಲಕ್ಕೆ ತಂದರು, ನಾನು ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಹೋದೆ. ನೆಲದ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಗೆರೆ ಎಳೆದ ಜಾಗ. ಕಾಲು ಊರದೆ, ಗೆರೆ ದಾಟದೆ ಎಂಟನ್ನು ಸುತ್ತಿ ಬರಬೇಕು. ಕ್ಲಚ್ಚನ್ನು ಅರ್ಧ ಹಿಡಿದು ನಿಧಾನಕ್ಕೆ ಹೋಗುವ ಕೆಲಸ. ಮರಳಿನ ಮೇಲೆ ಅದನ್ನು ನಾನು ಸಲೀಸಾಗಿ ಮಾಡುತ್ತಿದ್ದೆ. ಇನ್‌ಸ್ಪೆಕ್ಟರ್ ಗದರುವವರಲ್ಲ. “ಹೆದರಬೇಡಿ ಅಮ್ಮ. ಮೊದಲು ಎಡಕ್ಕೆ ಹೋಗಿ” ಎಂದರು.

ನಾನು ಹೊರಟೆ. ಇಂಡಿಕೇಟರ್ ಹಾಕಿದೆ. ಅದು ಮಿಣುಕುತ್ತಲೇ ಇತ್ತು. ಎಂಟರ ಮೊದಲ ಸುತ್ತು ಎಡಕ್ಕೆ ಬಾಗುವಲ್ಲಿ ನನ್ನ ಎಡಗೈ ಕ್ಲಚ್ ಬಿಟ್ಟು ಹೊರಗೆ ಚಾಚಿಕೊಂಡಿತು. ನಾನು ಚಾಚಿದ್ದಲ್ಲ. ಅದೇ ಹೋಯಿತು. ಬೈಕು ಒಮ್ಮೆ ನೆಗೆದು ನಿಂತಿತು, ನಾನು ಕಾಲು ಊರಿದೆ, ಬೀಳದೆ ಉಳಿದದ್ದೇ ದೊಡ್ಡದು. ಕೈ ಮಾತ್ರ ಇನ್ನೂ ಚಾಚಿಕೊಂಡೇ ಇತ್ತು, ಬೆಳ್ಮಣ್‌ನಲ್ಲಿ ತಿರುಗುವವರ ಹಾಗೆ.

“ಕೈ ಯಾಕೆ ಬಿಟ್ಟದ್ದು ಅಕ್ಕ?” ಮಾಸ್ಟ್ರು ಓಡಿ ಬಂದರು. “ಇಂಡಿಕೇಟರ್ ಉಂಟಲ್ಲ! ಇಷ್ಟು ದಿನ ಮರಳಲ್ಲಿ ಒಮ್ಮೆಯೂ ಬಿಡಲಿಲ್ಲವಲ್ಲ!”

ಮರಳಲ್ಲಿ ಯಾರೂ ‘ಎಡಕ್ಕೆ’ ಎಂದು ಹೇಳಿರಲಿಲ್ಲ. ಇಲ್ಲಿ ಗಂಡಸಿನ ದನಿ ಎಡಕ್ಕೆ ಎಂದಿತು, ಅಡಿಯಲ್ಲಿ ಅದೇ ಬೈಕು. ಇದನ್ನು ನಾನು ಮಾಸ್ಟ್ರಿಗೆ ವಿವರಿಸಲಿಲ್ಲ. ಒಂದು ವಾರ ಕಳೆದು ಮತ್ತೆ ಬನ್ನಿ ಎಂದರು ಇನ್‌ಸ್ಪೆಕ್ಟರ್. ಆ ವಾರ ಕಳೆದರೆ ಪತ್ತನಾಜೆಗೆ ಉಳಿಯುವುದು ಬೆರಳೆಣಿಕೆಯ ದಿನ. ಇನ್ನೊಮ್ಮೆ ಕೈ ಬಿಟ್ಟರೆ ಬೈಕೂ ಬಿಟ್ಟ ಹಾಗೆ.

ಫೇಲಾದ ಸುದ್ದಿ ಪೇಟೆಗೆ ಹೋಗಲು ಹೊತ್ತು ಬೇಕಾಗಲಿಲ್ಲ. ಗ್ಯಾರೇಜಿನವರು ಬೈಕು ನೋಡಿ ಹೋಗಲು ಬಂದರು. ಸ್ಟಾರ್ಟ್ ಮಾಡಿ ಸದ್ದು ಕೇಳಿ, “ಇಂಜಿನ್ ಒಳ್ಳೆದುಂಟು. ಈ ಹಾರ್ನ್ ತೆಗೆದು ಬಿಸಾಡಿದ್ರೆ ಆಯ್ತು” ಎಂದು ರಬ್ಬರ್ ಉಂಡೆಯನ್ನು ಹಿಡಿದು ತಿರುಗಿಸಿದರು. ನಾನು ಬಾಗಿಲ ಕಂಬ ಹಿಡಿದು ನಿಂತಿದ್ದೆ.

“ಕೈ ತೆಗಿ” ಎಂದರು ಅತ್ತಿಗೆ.

“ಅಲ್ಲ ಅಕ್ಕ, ಮಗಳು ಹೇಳಿದ್ದಾಳೆ...”

“ಮಗಳು ಹೇಳಿದ್ದು ಪತ್ತನಾಜೆಗೆ. ಮಾರ್ಕೆಟಿನಲ್ಲಿ ಮಾರ್ಲಿಕ್ಕಿಲ್ಲದ ಮೀನಿನ ಕಿವಿರು ಎತ್ತಿ ನೋಡ್ಲಿಕ್ಕೆ ನಾನು ಯಾರನ್ನೂ ಬಿಟ್ಟವಳಲ್ಲ. ಹೋಗು, ಮಳೆ ಬಂದ ಮೇಲೆ ಕೊಡೆ ಹಿಡ್ಕೊಂಡು ಬಾ.”

ಅವರು ಹೋದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿದರು. “ಈಗ ಹೇಳು. ಕೈ ಯಾಕೆ ಬಿಟ್ಟೆ?”

ಅಂದು ಹೇಳಿದೆ. ಸತ್ತ ಇಂಡಿಕೇಟರು, ಅಜ್ಜನ ‘ಕೈ’ ಎಂಬ ಮಾತು, ಎಲ್ಲವನ್ನೂ. ತಿರುವು ಮತ್ತು ಹಾರ್ನಿನ ವಿಷಯ ಮಾತ್ರ ಹೇಳಲಿಲ್ಲ. ಅತ್ತಿಗೆ ಕೇಳುತ್ತಾ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟರು. ಆಮೇಲೆ, “ಹಾಗಾದ್ರೆ ಆ ಕೆಲಸಕ್ಕೆ ಬೇರೆ ಜನ ಇಡುವ” ಎಂದರು.

ಮರುದಿನ ನೀರು ಇಳಿದ ಹೊತ್ತಿಗೆ ಅವರು ಸೀರೆ ಎತ್ತಿ ಕಟ್ಟಿ, ನನ್ನ ಹಿಂದೆ ಎಡಗಡೆಗೆ ಕಾಲು ಹಾಕಿ ಕೂತರು. ಕಲಿಯುವವರು ಹಿಂದೆ ಯಾರನ್ನೂ ಕೂರಿಸಬಾರದೆಂದು ಮಾಸ್ಟ್ರು ಕೂಗಿದರು. “ಆ ಕಾನೂನು ರಸ್ತೆಗೆ. ಇದು ಕಡಲು” ಎಂದು ಅತ್ತಿಗೆ ಉತ್ತರ ಕೊಟ್ಟರು. ನನಗೆ ಕಿವಿಯ ಹತ್ತಿರ ಹೇಳಿದರು: “ತಿರುಗುವಾಗ ನೀನು ‘ಕೈ’ ಅಂತ ಹೇಳು. ತೋರಿಸುವುದು ನಾನು. ಈಗ ಮುಂದೆ ಕೂತದ್ದು ನೀನು. ಹೇಳುವವರು ಕೈ ತೋರಿಸುವುದಿಲ್ಲ, ಅಲ್ವಾ? ನನ್ನ ತಮ್ಮ ತೋರಿಸ್ತಿದ್ದನಾ?”

ತೋರಿಸುತ್ತಿರಲಿಲ್ಲ.

ಮೊದಲ ಸಲ ಆ ಮಾತು ಬಾಯಿಂದ ಬರಲಿಲ್ಲ. ಅಜ್ಜನ ಮಾತದು. ಅವರ ಹೆಸರನ್ನು ಹೇಗೆ ನಾನು ಹೇಳಿದವಳಲ್ಲವೋ ಇದನ್ನೂ ಹಾಗೆಯೇ ಹೇಳಿದವಳಲ್ಲ. ಎರಡನೆಯ ಸುತ್ತಿನಲ್ಲಿ ಮೆಲ್ಲಗೆ “ಕೈ” ಎಂದೆ. ಹಿಂದಿನಿಂದ ಅತ್ತಿಗೆಯ ಬಳೆ ಸದ್ದು ಮಾಡಿತು. ನನ್ನ ಎಡಗೈ ಕ್ಲಚ್ಚಿನ ಮೇಲೆ ಒಮ್ಮೆ ಅಲುಗಿ ಅಲ್ಲೇ ಉಳಿಯಿತು. ಆ ವಾರವಿಡೀ ನಾವಿಬ್ಬರು ಮರಳಿನ ಮೇಲೆ ಎಂಟು ಬರೆದೆವು. ನೀರು ಏರಿ ಅದನ್ನು ಒರೆಸುತ್ತಿತ್ತು.

ಎರಡನೆಯ ಪರೀಕ್ಷೆಯ ದಿನ ಹಿಂದಿನ ರಾತ್ರಿಯ ಗುಡುಗು ಮಳೆಗೆ ನೆಲ ಒದ್ದೆಯಾಗಿತ್ತು. ಅದೇ ಇನ್‌ಸ್ಪೆಕ್ಟರ್. “ಎಡಕ್ಕೆ ಅಮ್ಮ” ಎಂದರು. ನಾನು ಇಂಡಿಕೇಟರ್ ಹಾಕಿ, ತಿರುಗುವ ಮೊದಲು ನನಗೇ ಕೇಳುವಷ್ಟು “ಕೈ” ಎಂದೆ. ಹಿಂದೆ ಯಾರೂ ಇರಲಿಲ್ಲ. ಯಾರೋ ತೋರಿಸಿಯಾರೆಂದು ನಂಬಿ ತಿರುಗಿದೆ. ಬಲಕ್ಕೆ ತಿರುಗಿದೆ. ಮತ್ತೆ “ಕೈ” ಎಂದೆ. ಎಂಟು ಮುಗಿಯಿತು. ಕಾಲು ನೆಲಕ್ಕೆ ತಾಗಿರಲಿಲ್ಲ.

“ಪಾಸ್” ಎಂದು ಬರೆದುಕೊಳ್ಳುತ್ತಾ ಅವರು ಕೇಳಿದರು, “ಬೈಕಿನ ಹತ್ರ ಎಂತ ಮಾತಾಡ್ತಾ ಇದ್ರಿ ಅಮ್ಮ?” ನನ್ನ ಕಣ್ಣು ಎಂದಿನಂತೆ ನೆಲ ನೋಡಿತು. ನಿಮ್ಮ ಅಮ್ಮ ಆಸ್ಪತ್ರೆಯಿಂದ ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು. ಹೆಲ್ಮೆಟಿನ ಪಟ್ಟಿ ಬಿಚ್ಚಿಕೊಟ್ಟು, ನನ್ನ ಕೂದಲು ಸರಿ ಮಾಡಿದಳು.

ಕಾರ್ಡು ಅಂಚೆಯಲ್ಲಿ ಬಂದ ಮರುದಿನ ಬಿಸಿಲಿತ್ತು. ಬೆಳಿಗ್ಗೆಯೇ ಹೊರಟೆ. ಅತ್ತಿಗೆ ಕರೆಯದೆಯೇ ಹಿಂದೆ ಕೂತರು. ಶಿರ್ವದವರೆಗೆ ಬಸ್ಸು ಲಾರಿಗಳಿಗೆ ದಾರಿ ಬಿಟ್ಟು ಬಿಟ್ಟು ಹೋದೆ. ಪಾಪ, ಆ ಡ್ರೈವರುಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿರಬೇಕು. ಬೆಳ್ಮಣ್ ಬಂದಾಗ “ಕೈ” ಎಂದೆ. ಅತ್ತಿಗೆ ಕೈ ನೀಡಿದರು. ಇಂಡಿಕೇಟರೂ ಮಿಣುಕುತ್ತಿತ್ತು. ಎಡಕ್ಕೆ ತಿರುಗಿದೆವು.

ಸ್ವಲ್ಪ ದೂರ ಹೋದ ಮೇಲೆ ಆ ತಿರುವು ಬಂತು. ಇದೇ ಎಂದು ಯಾರೂ ಹೇಳಬೇಕಾಗಲಿಲ್ಲ. ಘಟ್ಟ ಎದುರಿಗೇ ಎದ್ದು ನಿಂತಿತು. ಹಿಂದಿನ ದಿನಗಳ ಮಳೆಗೆ ತೊಳೆದು, ಅಜ್ಜ ಹೇಳಿದ ಹಾಗೆಯೇ ನೀಲಿ. ಹುಟ್ಟಿದಂದಿನಿಂದ ನೋಡಿದ ಘಟ್ಟವೇ. ಆದರೆ ನನ್ನ ಊರನ್ನು ಹೊರಗಿನಿಂದ ಬರುವವರ ಕಣ್ಣಿನಲ್ಲಿ ನಾನು ನೋಡಿರಲಿಲ್ಲ. ದಿನವೂ ಬೆಳಿಗ್ಗೆ, ನಾನು ಇಲ್ಲಿ ಪಾತ್ರೆ ತೊಳೆಯುತ್ತಿರುವಾಗ, ಅವರು ಅಲ್ಲಿ ಇದನ್ನು ನೋಡುತ್ತಿದ್ದರು. ಬೈಕು ಬದಿಗೆ ನಿಲ್ಲಿಸಿ ರಬ್ಬರ್ ಉಂಡೆಯನ್ನು ಎರಡು ಸಲ ಒತ್ತಿದೆ.

“ಯಾರಿಗೆ ಹೊಡೆದದ್ದು?” ಎಂದು ಅತ್ತಿಗೆ ಕೇಳಿ ಮುಗಿಸುವುದರೊಳಗೆ ರಸ್ತೆಯ ಕೆಳಗಿನ ಇಳಿಜಾರಿನಿಂದ ಒಬ್ಬರು ಹೆಂಗಸು ಪಾತ್ರೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದರು. ನನ್ನನ್ನು, ಹಾರ್ನನ್ನು, ಪೆಟ್ಟಿಗೆ ಇಲ್ಲದ ಸೀಟನ್ನು, ಅದರ ಮೇಲೆ ಕೂತ ಅತ್ತಿಗೆಯನ್ನು ನೋಡಿದರು.

“ಅವರ ಗಾಡಿ ಅಲ್ವಾ ಇದು?”

ನಾನು ಹೌದೆಂದು ತಲೆಯಾಡಿಸಿದೆ.

“ತೀರಿಹೋದದ್ದು ಗೊತ್ತುಂಟು ನನಗೆ. ಆದ್ರೂ ಹಾರ್ನ್ ಕೇಳಿ ಕಾಲು ಹೊರಗೆ ಬಂತಲ್ಲ, ನೋಡಿ.” ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಅವರು ನಕ್ಕರು. “ಅವರದ್ದೊಂದು ಉಪದ್ರ. ಇಲ್ಲಿ ಎರಡು ಸಲ ಹೊಡೀತಿದ್ರು, ನಿಲ್ಲಿಸ್ತಿರಲಿಲ್ಲ. ನಾನು ಓಡಿ ಬರುವಾಗ ಆಚೆ ಹೋಗಿ ಆಗ್ತಿತ್ತು. ಒಂದು ದಿನ ಅಡ್ಡ ನಿಂತು ಕೇಳಿದೆ, ಇದು ಯಾರಿಗೆ ಹೊಡೆಯುವುದು ಮಾರಾಯ್ರೆ ಅಂತ. ನಗಾಡಿದ್ರು. ಆಮೇಲೆ ನನಗಾಗಿ ನಿಲ್ಲಿಸ್ಲಿಕ್ಕೆ ಶುರು ಮಾಡಿದ್ರು.”

ನಾನು ಘಟ್ಟದ ಕಡೆ ನೋಡುತ್ತಾ ನಿಂತೆ. ಅವರ ಕಡೆ ನೋಡಲಾಗಲಿಲ್ಲ.

“ಇವತ್ತು ಎಂತ ಉಂಟು?” ಎಂದು ಅವರು ಕೇಳಿದರು.

“ಏನೂ ಇಲ್ಲ” ಎಂದೆ.

“ಮತ್ತೆ ಹಾರ್ನ್ ಯಾಕೆ ಹೊಡೆದದ್ದು?”

ಅತ್ತಿಗೆ ಇಳಿದು ಸೀರೆ ಸರಿ ಮಾಡಿಕೊಂಡರು. “ಮಳೆ ಕಳೆದು ಬೋಟು ಇಳಿಯಲಿ. ತರ್ತೇವೆ. ಬಂಗುಡೆ ಬೇಕಾ, ಬೂತಾಯಿ ಸಾಕಾ?” ಎಂದು ನನ್ನನ್ನು ಕೇಳದೆಯೇ ವ್ಯಾಪಾರ ಕುದುರಿಸಿದರು. ಆ ಹೆಂಗಸು ಬಂಗುಡೆ ಎಂದರು, ದೊಡ್ಡದಿರಲಿ ಎಂದರು. ಖಾಲಿ ಪಾತ್ರೆ ಹಿಡಿದು ಇಳಿದುಹೋದರು.

ವಾಪಸು ಬರುವಾಗ ಕಡಲಿನ ಕಡೆಯಿಂದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹಿಂದೆ ಕೂತಾಗ ಆ ಗಾಳಿ ಅವರ ಎದೆಗೆ ಹೊಡೆದು ಎರಡು ಬದಿಗೆ ಹೋಗುತ್ತಿತ್ತು, ನನ್ನವರೆಗೆ ಬರುತ್ತಿರಲಿಲ್ಲ. ಈಗ ದಾರಿಯೆಲ್ಲ ಕಾಣುತ್ತದೆ ಮಕ್ಕಳೇ. ಬೇಲಿಗಳೂ ಕಾಣುತ್ತವೆ. ಮುಂದೆ ಕೂತರೆ ಆ ಬೆನ್ನು ಮಾತ್ರ ಕಾಣುವುದಿಲ್ಲ.

ಪುಟ್ಟಿ, ನೀನು ಕೇಳಿದ್ದಕ್ಕೆ ಇದೇ ಉತ್ತರ. ಚಿಂಟು, ನೀನು ಹಾರ್ನ್ ಒತ್ತಿ ನೋಡಬೇಕೆಂದು ಕೇಳಿದ್ದೆ, ನಾನು ಬೇಡ ಎಂದಿದ್ದೆ. ಇನ್ನು ಒತ್ತು, ಆದರೆ ಪೇಟೆಯಲ್ಲಿ ಒತ್ತಬೇಡ, ಯಾರಾದರೂ ಪಾತ್ರೆ ತೆಗೆದುಕೊಂಡು ಬಂದಾರು. ಈ ಹಾಳೆಗಳನ್ನು ಬೈಕಿನ ಪಕ್ಕದ ಟೂಲ್ ಡಬ್ಬಿಯಲ್ಲಿ ಇಡಬೇಕೆಂದಿದ್ದೆ, ಆದರೆ ಅಲ್ಲಿ ಇಟ್ಟದ್ದಕ್ಕೆಲ್ಲ ವಾಸನೆ ಹಿಡಿಯುತ್ತದೆ, ಉಪ್ಪುಗಾಳಿಗೆ ಕಾಗದ ಮೆತ್ತಗಾಗುತ್ತದೆ. ಆದ್ದರಿಂದ ನಿಮ್ಮ ಮಣಿಪಾಲದ ಮನೆಯಲ್ಲಿ, ಗುಡ್ಡದ ಮೇಲೆ, ಗಾಳಿ ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ದೊಡ್ಡವರಾಗಿ ಆ ದಾರಿಯಲ್ಲಿ ಹೋಗುವ ದಿನ ಬಂದರೆ, ಬಿಸಿಲಿರುವ ದಿನ ನೋಡಿ, ಇವನ್ನೂ ಜೊತೆಯಲ್ಲಿ ತೆಗೆದುಕೊಂಡು ಹೋಗಿ.